ಆರನೇ ಸಾಲು

ಜನವರಿ 18

ದುಂಡಿ,

ಲಕೋಟೆಯ ಮೇಲಿನ ಕೈಬರಹ ನೋಡಿದ ಕೂಡಲೇ ನೀನು ಇದನ್ನು ಹರಿದು ಬಿಸಾಡಿಲ್ಲ ಎಂದುಕೊಂಡು ಬರೆಯುತ್ತಿದ್ದೇನೆ. ನಾವಿಬ್ಬರೂ ಮಾತು ಬಿಟ್ಟು ಹನ್ನೊಂದು ವರ್ಷವಾಯಿತು. ನಿನ್ನ ಫೋನ್ ನಂಬರು ನನ್ನ ಹತ್ತಿರ ಇಲ್ಲ. ಇದ್ದಿದ್ದರೂ ನೀನು ಎತ್ತುತ್ತಿರಲಿಲ್ಲ. ವಿಳಾಸ ಕೊಟ್ಟವನು ನಿನ್ನ ತಮ್ಮ. ಕೊಡುವ ಮುಂಚೆ, "ಜಗಳ ಆಡೋಕಾದ್ರೆ ಬೇಡ ಅಕ್ಕಾ" ಅಂದ. ಜಗಳಕ್ಕಲ್ಲ, ಒಂದು ಲೆಕ್ಕ ಕೇಳಬೇಕು ಅಂದೆ. ನಕ್ಕುಬಿಟ್ಟ.

ನಾನು ಇನ್ನೂ ಅದೇ ಸರ್ವೆ ತರಬೇತಿ ಸಂಸ್ಥೆಯಲ್ಲಿದ್ದೇನೆ. ನಮ್ಮ ಆಕರ ಕೊಠಡಿ ಎರಡನೇ ಮಹಡಿಗೆ ಹೋಗಿದೆ. ನಕ್ಷೆಗಳನ್ನು ಚಪ್ಪಟೆಯಾಗಿ ಇಡುವ ಆ ಕಬ್ಬಿಣದ ಬೀರುಗಳನ್ನು ಮೇಲಕ್ಕೆ ಹೊರುವಾಗ ಕೆಲಸದವರು ನನಗೆ ಹಾಕಿದ ಶಾಪ ಇನ್ನೂ ಕಿವಿಯಲ್ಲಿದೆ. ಈಗ ಆ ಬೀರು ತೆಗೆಯುವವರು ಕಡಿಮೆ. ಎಲ್ಲರಿಗೂ ಪಾಠ ಪರದೆಯ ಮೇಲೆಯೇ ಬೇಕು. ಅದಕ್ಕೇ ನಮ್ಮ ಕೈಪಿಡಿಯನ್ನು ಒಂದೊಂದೇ ಅಧ್ಯಾಯವಾಗಿ ಕಂಪ್ಯೂಟರ್ ಪಾಠ ಮಾಡುತ್ತಿದ್ದೇನೆ. ಅಭ್ಯಾಸಕ್ಕೆ ಲೆಕ್ಕ, ಪದಗಳ ಅರ್ಥ, ತಪ್ಪಿದರೆ ಎಲ್ಲಿ ತಪ್ಪಿತು ಎಂದು ತೋರಿಸುವ ಪುಟ, ಹೀಗೆ.

ಎತ್ತರದ ಪಾಠವನ್ನು ಈಗಲೂ ನೀನು ತರಗತಿಯಲ್ಲಿ ಹೇಳುತ್ತಿದ್ದ ಮಾತಿನಿಂದಲೇ ಶುರು ಮಾಡುತ್ತೇನೆ: "ಎಲ್ಲಿಂದ ಅಂತ ಹೇಳದೆ ಎತ್ತರ ಹೇಳಿದ್ರೆ ಅದು ಬರೀ ಜಂಬ." ಎತ್ತರ ಎಣಿಸಲು ಶುರು ಮಾಡುವ ಸೊನ್ನೆ ಹಳೆಯ ಸರ್ವೆಯವರದು ಒಂದು, ಹೊಸಬರದು ಇನ್ನೊಂದು; ಹಳೆಯ ಎತ್ತರವನ್ನು ಹೊಸದಕ್ಕೆ ತರಲು ನಮ್ಮ ಕೈಪಿಡಿಯ ಒಂಬತ್ತನೇ ಕೋಷ್ಟಕ, ಪ್ರದೇಶಕ್ಕೊಂದು ಸಾಲು. ಹೋದ ವಾರ ಆ ಕೋಷ್ಟಕದ ಲೆಕ್ಕವನ್ನೇ ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ಜಿಐಎಸ್ ತಂತ್ರಾಂಶದಲ್ಲಿ ಹಾಕಿ ನೋಡಿದೆ. ಐದು ಸಾಲು ಸರಿಯಾಗಿ ಬಂತು. ಆರನೇ ಸಾಲು, ಕೆಳ ಕಣಿವೆಯದು, ತಾಳೆಯಾಗಲಿಲ್ಲ. ತಂತ್ರಾಂಶವೇ ತಪ್ಪು ಎಂದುಕೊಂಡೆ. ಮೂರು ದಿನ ಹಾಗೇ ಎಂದುಕೊಂಡಿದ್ದೆ.

ನಿನ್ನ ಹಳೆಯ ಲೆಕ್ಕದ ಪುಸ್ತಕ ಇದ್ದರೆ ಆರನೇ ಸಾಲನ್ನು ಒಮ್ಮೆ ನೋಡಿ ತಿಳಿಸು. ಅಷ್ಟೇ.

ಕಡ್ಡಿ


ಫೆಬ್ರವರಿ 2

ಆಕರ ಕೊಠಡಿಯ ಮೇಡಂ ಅವರಿಗೆ,

ಕಡ್ಡಿ ಎಂದು ಸಹಿ ಹಾಕಿದರೆ ಕರಗಿಬಿಡುತ್ತೇನೆ ಎಂದುಕೊಂಡೆಯಾ? ನನ್ನನ್ನು ದುಂಡಿ ಎಂದು ಕರೆಯುವವರು ಈಗ ಯಾರೂ ಇಲ್ಲ. ಇಲ್ಲಿ ನಾನು ಕನ್ನಡಕದ ಅಂಗಡಿಯ ಅಕ್ಕ.

ಎರಡು ವರ್ಷ ಕೂತು ಆ ಪುಸ್ತಕದ ಕೋಷ್ಟಕಗಳನ್ನೆಲ್ಲ ಕಟ್ಟಿದವಳು ನಾನು. ಅಚ್ಚಿಗೆ ಕೊಡುವ ಮುಂಚೆಯೇ ರಕ್ಷಾಪುಟದ ಮೇಲೆ ನಿನ್ನೊಬ್ಬಳದೇ ಹೆಸರು ಎಂದು ತೀರ್ಮಾನವಾಗಿತ್ತು. ಒಳಗೆ, ಮುನ್ನುಡಿಯ ಕೊನೆಯಲ್ಲಿ, "ಕೋಷ್ಟಕಗಳಿಗೆ ನೆರವಾದ ಗೆಳತಿಗೆ." ಗೆಳತಿಗೆ ಹೆಸರೇ ಇರಲಿಲ್ಲ. ನಿರ್ದೇಶಕರು ಒಬ್ಬರದೇ ಹೆಸರು ಸಾಕು ಅಂದರು ಎಂದು ನೀನು ಹೇಳಿದೆ. ಅವರು ಅಂದಿರಬಹುದು. ನೀನು ಅದು ಬೇಡ, ಇಬ್ಬರದೂ ಇರಲಿ ಅಂದೆಯಾ ಎಂದು ನಾನು ಕೇಳಿದಾಗ ನೀನು ಕಿಟಕಿ ಕಡೆ ನೋಡಿದೆ.

ಹೊಗಳಿಕೆಗೆ ನೆನಪಾಗದ ಗೆಳತಿ ತಪ್ಪಿಗೆ ನೆನಪಾದಳು. ಸಂತೋಷ.

ಇಲ್ಲಿ ನನಗೆ ದಿನವಿಡೀ ಪ್ಲಸ್ಸು ಮೈನಸ್ಸು ನೋಡುವುದೇ ಕೆಲಸ. ಒಂದು ಗೆರೆ ತಪ್ಪಿದರೆ ಗಿರಾಕಿ ಮೂರನೇ ದಿನಕ್ಕೆ ತಲೆನೋವು ಎಂದು ಬಂದು ಎದುರಿಗೆ ನಿಲ್ಲುತ್ತಾನೆ. ಗಾಜು ಬದಲಾಯಿಸಿ ಕೊಡುತ್ತೇನೆ, ಬೈದುಕೊಂಡು ಹೋಗುತ್ತಾನೆ. ಅಲ್ಲಿಗೆ ಮುಗಿಯಿತು. ಪುಸ್ತಕ ಬರೆಯುವವರಿಗೆ ಆ ಸುಖವಿಲ್ಲ ಎಂದು ಕಾಣುತ್ತದೆ.

ಆ ಲೆಕ್ಕದ ಪುಸ್ತಕ ಅಟ್ಟದ ಮೇಲೆ ಎಲ್ಲೋ ಇರಬೇಕು. ಹುಡುಕುವ ಮನಸ್ಸಿಲ್ಲ.

ಕನ್ನಡಕದ ಅಂಗಡಿಯಿಂದ


ಫೆಬ್ರವರಿ 9

ದುಂಡಿ,

ನೀನು ಬೈದಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ. ಕಿಟಕಿ ಕಡೆ ನೋಡಿದ್ದು ನನಗೂ ನೆನಪಿದೆ. ಆಚೆ ಏನಿತ್ತು ಎಂಬುದೂ ನೆನಪಿದೆ: ಸೈಕಲ್ ಸ್ಟ್ಯಾಂಡು.

ಆದರೆ ಅಟ್ಟ ಹತ್ತು. ಮೊದಲ ಪತ್ರದಲ್ಲಿ ಹೇಳಲು ಧೈರ್ಯ ಸಾಲದ ಮಾತೊಂದಿದೆ, ಈಗ ಹೇಳುತ್ತೇನೆ.

ಕೆಳ ಕಣಿವೆಯಲ್ಲಿ ಇಷ್ಟು ವರ್ಷ ಯಾರೂ ಏನೂ ಕಟ್ಟಿರಲಿಲ್ಲ. ಅದಕ್ಕೇ ಆರನೇ ಸಾಲನ್ನು ಯಾರೂ ಮುಟ್ಟಿರಲಿಲ್ಲ. ಈಗ ಅಲ್ಲಿ, ನದಿಯ ಪಕ್ಕ, ಒಂದು ಬಡಾವಣೆ ಎದ್ದಿದೆ. ಊರಿನ ಹಳೆಯ ಓಣಿಗಳನ್ನು ಕೆಡವಿ ಅಲ್ಲಿದ್ದವರಿಗೆ ಕಟ್ಟಿಕೊಟ್ಟ ಮನೆಗಳು. ಮುನ್ನೂರ ಹನ್ನೆರಡು. ನೆರೆ ಬಂದರೆ ನೀರು ಎಲ್ಲಿಯವರೆಗೆ ಏರುತ್ತದೆ ಎಂಬ ಗೆರೆಯನ್ನು ಯೋಜನಾ ಕಚೇರಿಯವರು ಹಾಕಿದ್ದಾರೆ. ಆ ಗೆರೆ ಹಾಕಿದವನು ನನ್ನ ವಿದ್ಯಾರ್ಥಿ. ಹಳೆಯ ಸರ್ವೆ ಪ್ರಕಾರ ನೆಲದ ಎತ್ತರ ನಲವತ್ತೊಂದು ಮೀಟರ್ ಎಂಬತ್ತು ಸೆಂಟಿಮೀಟರ್. ನಮ್ಮ ಕೋಷ್ಟಕ ನೋಡಿ ಅದಕ್ಕೆ ಎಂಬತ್ತಾರು ಸೆಂಟಿಮೀಟರ್ ಸೇರಿಸಿದ್ದಾನೆ. ಹೊಸ ಲೆಕ್ಕದಲ್ಲಿ ನದಿಯ ಅತಿ ದೊಡ್ಡ ನೆರೆ ನಲವತ್ತೆರಡು ಮೀಟರ್ ಹತ್ತು. ಹಾಗಾಗಿ ಅವನ ನಕ್ಷೆಯಲ್ಲಿ ಬಡಾವಣೆ ನೆರೆಗಿಂತ ಅರ್ಧ ಮೀಟರ್ ಮೇಲಿದೆ.

ಸೇರಿಸುವ ಬದಲು ಕಳೆಯಬೇಕಾಗಿದ್ದರೆ ಏನಾಗುತ್ತದೆ ಎಂದು ನೀನೇ ಲೆಕ್ಕ ಹಾಕು.

ಕಡ್ಡಿ


ಫೆಬ್ರವರಿ 27

ಕಡ್ಡಿ,

ಒಂದು ಮೀಟರ್ ಹದಿನಾರು ಸೆಂಟಿಮೀಟರ್ ಕೆಳಗೆ.

ನಿನ್ನ ಪತ್ರ ಓದಿ ಅಂಗಡಿಗೆ ಬೀಗ ಹಾಕಿ ಮನೆಗೆ ಬಂದೆ. ಯಜಮಾನರು ಏಣಿ ಹಿಡಿದುಕೊಂಡರು. "ಯಾರದೋ ಆಸ್ತಿ ಪತ್ರ ಹುಡುಕೋ ಹಾಗೆ ಹುಡುಕ್ತಿದೀಯಲ್ಲ" ಅಂದರು. ಮೂರನೇ ಪೆಟ್ಟಿಗೆಯಲ್ಲಿ ಸಿಕ್ಕಿತು. ನೀಲಿ ರಟ್ಟು, ಇಲಿ ಒಂದು ಮೂಲೆ ತಿಂದಿದೆ, ಒಂಬತ್ತನೇ ಕೋಷ್ಟಕವನ್ನು ಮುಟ್ಟಿಲ್ಲ.

ನನ್ನ ಕೈಬರಹದಲ್ಲಿ ಆರು ಸಾಲೂ ಇವೆ. ಪ್ರತಿ ಸಂಖ್ಯೆಯ ಹಿಂದೆ ಒಂದು ಪುಟ್ಟ ಅಂಕಣ ಮಾಡಿ ಚಿಹ್ನೆ ಹಾಕಿದ್ದೇನೆ. ಐದರ ಹಿಂದೆ ಪ್ಲಸ್. ಆರನೆಯದರ ಹಿಂದೆ ಮೈನಸ್. ಮೈನಸ್ ಸುತ್ತ ಕೆಂಪು ಶಾಯಿಯಲ್ಲಿ ವೃತ್ತ ಎಳೆದು ಪಕ್ಕದಲ್ಲಿ ಬರೆದಿದ್ದೇನೆ: "ಇದೊಂದು ಉಲ್ಟಾ, ಹುಷಾರು."

ಪುಟದ ಫೋಟೋ ತೆಗೆಸಿ ಜೊತೆಗಿಟ್ಟಿದ್ದೇನೆ. ಫೋನ್ ನಂಬರು ಬರೆದಿಲ್ಲ, ಬೇಕೆಂದೇ. ನಿನ್ನ ದನಿ ಕೇಳಿದರೆ ನಾನು ಈ ವಿಷಯ ಬಿಟ್ಟು ಬೇರೆಯದಕ್ಕೆ ಕಿರುಚುತ್ತೇನೆ.

ಮನೆಗಳಲ್ಲಿ ಜನ ಇದ್ದಾರಾ, ಇನ್ನೂ ಖಾಲಿಯಾ? ಅದನ್ನು ನೀನು ಬರೆದಿಲ್ಲ.

ದುಂಡಿ


ಮಾರ್ಚ್ 12

ದುಂಡಿ,

ಜನ ಇದ್ದಾರೆ. ಡಿಸೆಂಬರಿನಿಂದಲೇ ಇದ್ದಾರೆ.

ನಿನ್ನ ಪುಟ ನೋಡಿದ ಮೇಲೆ ಆ ಕೆಂಪು ವೃತ್ತ ನನಗೆ ನೆನಪಾಯಿತು. ಹೇಗೆ ಮರೆತಿದ್ದೆನೋ. ಅಚ್ಚಿಗೆ ಕೊಡುವ ಹೊತ್ತಿಗೆ ನೀನು ನನ್ನ ಜೊತೆ ಮಾತು ನಿಲ್ಲಿಸಿದ್ದೆ. ಕೋಷ್ಟಕಗಳನ್ನು ನಾನೊಬ್ಬಳೇ ಬೆರಳಚ್ಚು ಮಾಡಿದೆ. ಪುಟದ ಅಗಲ ಸಾಲದೆ ಬಂತು. ಚಿಹ್ನೆಯ ಅಂಕಣ ತೆಗೆದರೆ ಎಲ್ಲ ಅಚ್ಚುಕಟ್ಟಾಗಿ ಕೂರುತ್ತಿತ್ತು. ಐದು ಸಾಲು ಪ್ಲಸ್ ಇದ್ದವಲ್ಲ, ಅಂಕಣ ತೆಗೆದು ತಲೆಬರಹದಲ್ಲಿ "ಸೇರಿಸಬೇಕಾದದ್ದು" ಎಂದು ಹಾಕಿದೆ. ಆರನೆಯದನ್ನು ಅಡಿಟಿಪ್ಪಣಿಯಲ್ಲಿ ಹೇಳಬೇಕು ಎಂದುಕೊಂಡೆ. ಎಂದುಕೊಂಡದ್ದು ಮಾತ್ರ ನಿಜ. ಪುಟ ಚೆನ್ನಾಗಿ ಕಂಡಿತು, ಮುಂದಿನ ಪುಟಕ್ಕೆ ಹೋದೆ.

ತಪ್ಪು ನನ್ನದು. ಇದನ್ನು ಬರೆದೇ ಕೊಡುತ್ತಿದ್ದೇನೆ, ಇಟ್ಟುಕೋ.

ಯೋಜನಾ ಕಚೇರಿಗೆ ಎರಡು ಸಲ ಹೋದೆ. ಮೊದಲನೇ ಸಲ ನನ್ನ ವಿದ್ಯಾರ್ಥಿ ಎದ್ದು ನಿಂತು ಕುರ್ಚಿ ಕೊಟ್ಟ. ವಿಷಯ ಕೇಳಿದ ಮೇಲೆ ಅವನ ಮುಖ ಬಿಳಿಚಿತು, "ಮೇಡಂ, ಇದನ್ನ ನನ್ನ ಹತ್ರ ಹೇಳ್ಬೇಡಿ, ಮೇಲಿನವರ ಹತ್ರ ಹೇಳಿ" ಅಂದ. ಎರಡನೇ ಸಲ ಮುಖ್ಯ ಎಂಜಿನಿಯರ್ ಸಿಕ್ಕರು. ಮೇಜಿನ ಮೇಲೆ ನಮ್ಮ ಕೈಪಿಡಿ ಇತ್ತು, ಬೆನ್ನು ಹರಿದು ಟೇಪ್ ಹಾಕಿದ್ದು. ನನ್ನ ಮಾತನ್ನು ಪೂರ್ತಿ ಕೇಳಿದರು. ಒಳ್ಳೆಯ ಮನುಷ್ಯ, ಅದೇ ಕಷ್ಟ.

"ಮೇಡಂ, ನಿಯಮದಲ್ಲಿ ಏನಿದೆ? ಎತ್ತರ ಬದಲಾಯಿಸೋಕೆ ಈ ಪುಸ್ತಕದ ಒಂಬತ್ತನೇ ಕೋಷ್ಟಕವನ್ನೇ ಬಳಸಬೇಕು ಅಂತಿದೆ. ನಾವು ಬಳಸಿದೀವಿ. ಈಗ ಪುಸ್ತಕ ಬರೆದೋರೇ ಬಂದು ಪುಸ್ತಕ ತಪ್ಪು ಅಂದ್ರೆ, ನಾನು ಪುಸ್ತಕ ನಂಬ್ಲೋ ನಿಮ್ಮನ್ನ ನಂಬ್ಲೋ?"

"ನನ್ನನ್ನ," ಅಂದೆ.

"ಹಾಗಾದ್ರೆ ತಿದ್ದಿದ ಪುಸ್ತಕ ಅಚ್ಚು ಹಾಕಿಸಿ ತನ್ನಿ. ಅದು ನಿಯಮ ಆಗುತ್ತೆ. ನಿಮ್ಮ ಬಾಯಿ ಮಾತು ಆಗಲ್ಲ."

ನಮ್ಮ ನಿರ್ದೇಶಕರು ಹೇಳಿದರು: ಕೈಪಿಡಿಯ ಒಂದಕ್ಷರ ತಿದ್ದಬೇಕಾದರೂ ಪರಿಷ್ಕರಣ ಸಮಿತಿ ಕೂರಬೇಕು. ಸಮಿತಿ ಕೂರುವುದು ಸೆಪ್ಟೆಂಬರಿನಲ್ಲಿ. ಮಳೆಗಾಲ ಜೂನಿನಲ್ಲಿ ಶುರುವಾಗುತ್ತದೆ ಅಂದೆ. "ಅದು ನನ್ನ ಕೈಲಿಲ್ಲವಲ್ಲಮ್ಮ" ಅಂದರು, ಮಳೆಯ ಬಗ್ಗೆಯೋ ಸಮಿತಿಯ ಬಗ್ಗೆಯೋ ಗೊತ್ತಾಗಲಿಲ್ಲ.

ಒಂದು ಮಾತು ಕೇಳಬೇಕು. ಬೇಸರ ಮಾಡಿಕೊಳ್ಳಬೇಡ. ಅಚ್ಚಿಗೆ ಮುಂಚೆ ಪ್ರೂಫ್ ನಿನಗೆ ಕಳಿಸಿದ್ದೆವು. ಆ ಕಟ್ಟು ನಮ್ಮ ಕಡತದಲ್ಲಿದೆ. ಮೇಲೆ ನಿನ್ನ ಕೈಬರಹದಲ್ಲಿ "ಓದಿದ್ದೇನೆ, ಸರಿಯಿದೆ" ಎಂದಿದೆ, ಸಹಿ ಇದೆ. ಆ ಸಾಲು ನಿನ್ನ ಕಣ್ಣಿಗೂ ಬೀಳಲಿಲ್ಲವಾ?

ಕಡ್ಡಿ


ಏಪ್ರಿಲ್ 5

ಕಡ್ಡಿ,

ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು, ಹೇಗಿದ್ದರೂ ಕಳಿಸುತ್ತೇನೆ.

ನಾನು ಆ ಕಟ್ಟನ್ನು ಬಿಚ್ಚಲೇ ಇಲ್ಲ.

ಪೋಸ್ಟಿನವನು ಕೊಟ್ಟು ಹೋದ. ದಾರದ ಗಂಟು ಹಾಗೇ ಇತ್ತು. ಅಡಿಗೆಮನೆಯ ಕಟ್ಟೆಯ ಮೇಲೆ ಎರಡು ವಾರ ಇಟ್ಟುಕೊಂಡಿದ್ದೆ. ಒಳಗಿನ ಮೊದಲ ಹಾಳೆಯಲ್ಲಿ ನಿನ್ನ ಹೆಸರು ಮಾತ್ರ ಇರುತ್ತದೆ ಎಂದು ಗೊತ್ತಿತ್ತು. ಅದನ್ನು ನೋಡಲಾರೆ ಎನಿಸಿತು. ಅವಳ ಪುಸ್ತಕ, ಅವಳೇ ಓದಿಕೊಳ್ಳಲಿ ಎನ್ನುವ ಹಟ. ಕೊನೆಗೆ ಹೊರಗಿನ ಕಾಗದದ ಮೇಲೆ ಆ ಎರಡು ಮಾತು ಬರೆದು, ಸಹಿ ಹಾಕಿ, ವಾಪಸ್ ಕಳಿಸಿದೆ. ಬಿಚ್ಚಿದ್ದರೆ ಒಂಬತ್ತನೇ ಕೋಷ್ಟಕಕ್ಕೇ ಮೊದಲು ಹೋಗುತ್ತಿದ್ದೆ. ಆ ಕೆಂಪು ವೃತ್ತ ಎಲ್ಲಿ ಎಂದು ಹುಡುಕುತ್ತಿದ್ದೆ. ನನ್ನನ್ನು ನಾನು ಬಲ್ಲೆ.

ನೀನು ನಿನ್ನ ತಪ್ಪನ್ನು ಬರೆದುಕೊಟ್ಟೆಯಲ್ಲ, ಇದು ನನ್ನದು. ಇಟ್ಟುಕೋ.

ಸುಮ್ಮನೆ ಕೂರಲಾಗದೆ ಇನ್ನೊಂದು ಕೆಲಸಕ್ಕೆ ಕೈ ಹಾಕಿದ್ದೇನೆ. ನಿನ್ನ ವಿದ್ಯಾರ್ಥಿಗಳು ಎಲ್ಲೆಲ್ಲಿ ಪಾಠ ಹೇಳುತ್ತಿದ್ದಾರೋ ಅಲ್ಲೆಲ್ಲ ಆ ಕೋಷ್ಟಕ ಹೋಗಿದೆಯಾ ಎಂದು ಇಂಟರ್‌ನೆಟ್‌ನಲ್ಲಿ ಹುಡುಕಿದೆ. ಹೋಗಿದೆ. ಜಿಐಎಸ್ ಕಲಿಸುವ ಪುಟಗಳಲ್ಲಿ, ಪರೀಕ್ಷೆಯ ಟಿಪ್ಪಣಿಗಳಲ್ಲಿ, ವಿಡಿಯೋ ಪಾಠಗಳಲ್ಲಿ. ಇಪ್ಪತ್ತಮೂರು ಕಡೆ ಸಿಕ್ಕಿತು. ಒಂದು ಕಡೆ ಚಂದದ ಬಣ್ಣ ಹಾಕಿ, ಆರನೇ ಸಾಲನ್ನೇ ಉದಾಹರಣೆಯಾಗಿ ಬಿಡಿಸಿ ತೋರಿಸಿದ್ದಾರೆ. ಎಲ್ಲರಿಗೂ ಬರೆದೆ. ಇಬ್ಬರು ತಿದ್ದಿದರು. ಒಬ್ಬ ಮೇಷ್ಟ್ರು ಉತ್ತರ ಕೊಟ್ಟರು: "ಮೂಲ ಕೈಪಿಡಿಯಲ್ಲಿ ಹೀಗೇ ಇದೆ, ನೋಡಿಕೊಳ್ಳಿ." ಆ ಕೋಷ್ಟಕ ಮಾಡಿದವಳೇ ನಾನು ಎಂದು ಮತ್ತೆ ಬರೆದೆ. "ಪುಸ್ತಕದಲ್ಲಿ ನಿಮ್ಮ ಹೆಸರು ಎಲ್ಲೂ ಇಲ್ಲವಲ್ಲ" ಎಂದರು.

ನಗು ಬಂತು ಕಣೇ. ಆಮೇಲೆ ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟು ಕೂತೆ.

ದುಂಡಿ


ಮೇ 16

ದುಂಡಿ,

ನಿನ್ನ ಪತ್ರಕ್ಕೆ ತಕ್ಷಣ ಉತ್ತರ ಬರೆಯಲಾಗಲಿಲ್ಲ. ಏನು ಬರೆದರೂ ನಿನ್ನನ್ನು ಕ್ಷಮಿಸಿದ ಹಾಗೆ ಕೇಳಿಸುತ್ತಿತ್ತು. ಆ ಅರ್ಹತೆ ನನಗಿಲ್ಲ.

ಬಡಾವಣೆಗೆ ಹೋಗಿದ್ದೆ. ಕಚೇರಿಯವರು ನನ್ನ ಮಾತು ನಂಬದಿದ್ದರೆ ಅಳತೆಯನ್ನಾದರೂ ನಂಬಲಿ ಎಂದು ಹಳೆಯ ಲೆವೆಲ್ ಯಂತ್ರ, ಅಳತೆ ಕೋಲು ಹೊತ್ತುಕೊಂಡು ಎರಡು ಬಸ್ ಬದಲಾಯಿಸಿ ಹೋದೆ. ಸೇತುವೆಯ ಹತ್ತಿರ ಹೊಸ ಸೊನ್ನೆಯಿಂದ ಅಳೆದ ಎತ್ತರ ಕೆತ್ತಿದ ಗುರುತುಕಲ್ಲು ಇದೆ. ಅಲ್ಲಿಂದ ಶುರು ಮಾಡಿ ಬೀದಿ ಬೀದಿ ಅಳೆದೆ. ಎಲ್ಲ ಮನೆಗಳಿಗೂ ಒಂದೇ ಹಸಿರು ಬಾಗಿಲು. ಜನ ಗುರುತು ಸಿಗಲಿ ಎಂದು ಬಾಗಿಲಿಗೆ ಏನೇನೋ ಕಟ್ಟಿಕೊಂಡಿದ್ದಾರೆ, ಒಬ್ಬರು ಸೈಕಲ್ ಗಂಟೆ, ಒಬ್ಬರು ಮುರಿದ ಗಡಿಯಾರ.

ಏಳನೇ ಬೀದಿಯ ಕೊನೆಯ ಮನೆಯಲ್ಲಿ ಅಕ್ಕ ತಂಗಿ ಇಬ್ಬರೇ ಇದ್ದಾರೆ, ಹೊಲಿಗೆ ಕೆಲಸ. ಮುಂದಿನ ಕೋಣೆಯಲ್ಲಿ ಎರಡು ಮಿಷನ್ನು, ಮೊಣಕಾಲೆತ್ತರ ಶಾಲೆ ಸಮವಸ್ತ್ರದ ರಾಶಿ. ಅಕ್ಕನಿಗೆ ಮಂಡಿನೋವು, ಬಟ್ಟೆ ಸುತ್ತಿಕೊಂಡು ಕೂತಿದ್ದಳು. ನನ್ನ ಕೋಲು ನೋಡಿ, "ಅಳತೆ ತಗೊಳೋಕೆ ಬಂದ್ರಾ? ಈ ಮನೇಲಿ ಅಳತೆ ತಗೊಳೋರು ನಾವು" ಅಂದಳು. ಒಳಗೆ ಕರೆದು ಸ್ಟೂಲು ಹಾಕಿದರು.

ಹೇಳಿದೆ. ಈ ನೆಲ ನಕ್ಷೆಯಲ್ಲಿ ಇರುವುದಕ್ಕಿಂತ ತಗ್ಗಿನಲ್ಲಿದೆ, ದೊಡ್ಡ ನೆರೆ ಬಂದರೆ ಮನೆಯೊಳಗೆ ನೀರು ನಿಲ್ಲುತ್ತದೆ ಅಂದೆ. ತಂಗಿ ಮಿಷನ್ನಿನ ಚಕ್ರದ ಮೇಲೆ ಕೈ ಇಟ್ಟು ನಿಲ್ಲಿಸಿದಳು.

"ಸರಿ, ನೀರು ಬರುತ್ತೆ ಅಂತಲೇ ಇಟ್ಕೊಳೋಣ. ಹಳೇ ಮನೆ ಕೆಡವಿ ಹಾಕಿದಾರೆ. ನಾವು ಎಲ್ಲಿಗೆ ಹೋಗೋದು?"

ಅಕ್ಕ ಹೇಳಿದಳು: "ಅವರನ್ನ ಯಾಕೆ ಕೇಳ್ತೀಯೇ. ಅವರು ನಕ್ಷೆಯೋರು. ಎಲ್ಲಿ ಇರಬಾರದು ಅಂತ ಹೇಳೋದು ಅವರ ಕೆಲಸ. ಎಲ್ಲಿ ಇರಬೇಕು ಅಂತ ಹೇಳೋರು ಬೇರೆ ಆಫೀಸು."

ಮೂವರೂ ನಕ್ಕೆವು. ಹೊರಡುವಾಗ ನನ್ನ ರವಿಕೆಯ ತೋಳಿನ ಹೊಲಿಗೆ ಬಿಟ್ಟಿದ್ದನ್ನು ಅಕ್ಕ ನೋಡಿ, ನಿಂತಲ್ಲೇ ನಿಲ್ಲಿಸಿ ಎರಡು ಹೊಲಿಗೆ ಹಾಕಿ ಕಳಿಸಿದಳು.

ಅಳತೆಯ ಪಟ್ಟಿಯನ್ನು ಕಚೇರಿಗೆ ಕೊಟ್ಟೆ. ಸ್ವೀಕೃತಿ ಮುದ್ರೆ ಹಾಕಿ ಕೊಟ್ಟರು.

ಕಡ್ಡಿ


ಜೂನ್ 14

ಕಡ್ಡಿ,

ಪತ್ರವನ್ನು ಎರಡು ಸಲ ಓದಿದೆ. ಎಲ್ಲ ಬರೆದಿದ್ದೀಯ. ಸೈಕಲ್ ಗಂಟೆಯನ್ನೂ ಬಿಟ್ಟಿಲ್ಲ. ಆ ಪುಸ್ತಕ ಬರೆದವಳು ನೀನೇ ಎಂದು ಆ ಅಕ್ಕ ತಂಗಿಗೆ ಹೇಳಿದೆಯಾ? ಅದೊಂದು ಕಾಣಲಿಲ್ಲ.

ಹೇಳಿಲ್ಲದಿದ್ದರೆ ನಾನು ಬೈಯುವುದಿಲ್ಲ. ಕಟ್ಟು ಬಿಚ್ಚದವಳು ಯಾರನ್ನು ಬೈಯಲಿ.

ನನ್ನ ನೀಲಿ ಪುಸ್ತಕವನ್ನೇ ಮುಖ್ಯ ಎಂಜಿನಿಯರಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೆ, ಮೂಲ ಪ್ರತಿ. "ಅಧಿಕೃತ ಪ್ರಕಟಣೆಯಲ್ಲದ ಕಾರಣ ಪರಿಗಣಿಸಲಾಗದು" ಎಂದು ಬರೆದು ವಾಪಸ್ ಕಳಿಸಿದ್ದಾರೆ. ಜೋಪಾನವಾಗಿ ಪ್ಯಾಕ್ ಮಾಡಿದ್ದಾರೆ, ಅದನ್ನು ಹೇಳಲೇಬೇಕು.

ಇಲ್ಲಿ ಮಳೆ ಶುರುವಾಗಿದೆ. ಅಂಗಡಿಗೆ ಬಂದವರೆಲ್ಲ ಒದ್ದೆ ಕನ್ನಡಕ ಒರೆಸಿಕೊಡಿ ಎನ್ನುತ್ತಾರೆ. ಒರೆಸಿಕೊಡುತ್ತೇನೆ. ಅಲ್ಲಿ ಹೇಗಿದೆ?

ದುಂಡಿ


ಜುಲೈ 29

ದುಂಡಿ,

ಬಂತು.

ಮಂಗಳವಾರ ಮಧ್ಯಾಹ್ನ ಎರಡೂವರೆಗೆ. ಬೆಳಿಗ್ಗೆ ಬಡಾವಣೆಯವರಿಗೆ ಎಚ್ಚರಿಕೆ ಕೊಟ್ಟಿರಲಿಲ್ಲ. ಎಚ್ಚರಿಕೆ ಹೋಗಿದ್ದು ನಕ್ಷೆಯಲ್ಲಿ ಗೆರೆಯ ಕೆಳಗಿದ್ದ ಬೀದಿಗಳಿಗೆ ಮಾತ್ರ. ಇವರು ಗೆರೆಯ ಮೇಲಿದ್ದರು.

ನದಿ ನಲವತ್ತೆರಡು ಮೀಟರ್ ತೊಂಬತ್ತಕ್ಕೆ ಏರಿತು. ಮನೆಗಳ ಒಳಗೆ ಎದೆಗಿಂತ ಮೇಲೆ ನೀರು.

ಏಳು ಜನ. ಹೊಲಿಗೆಯ ಅಕ್ಕ ಅವರಲ್ಲಿ ಒಬ್ಬಳು. ತಂಗಿ ಹೊಲಿದ ಬಟ್ಟೆ ಕೊಡಲು ಪೇಟೆಗೆ ಹೋಗಿದ್ದಳು. ಪಕ್ಕದ ಮನೆಯವರು ಅಕ್ಕನನ್ನು ಕೈ ಹಿಡಿದು ರಸ್ತೆಗೆ ತಂದಿದ್ದರಂತೆ. ಬೇರೆಯವರ ಬಟ್ಟೆ ಒಳಗಿದೆ ಎಂದು ವಾಪಸ್ ಹೋದಳಂತೆ.

ಇನ್ನು ಬರೆಯಲಾರೆ.

ಕಡ್ಡಿ


ಆಗಸ್ಟ್ 6

ಕಡ್ಡಿ,

ವಿಚಾರಣೆ ಆಗುತ್ತದೆ ಎಂದು ಪೇಪರಿನಲ್ಲಿ ಓದಿದೆ. ಪ್ರೂಫಿನ ಕಟ್ಟು ಜೋಪಾನ ಮಾಡು. ಯಾರಾದರೂ ತೆಗೆದು ಹಾಕುವ ಮುಂಚೆ ನಿನ್ನ ಮನೆಗೆ ತಂದಿಟ್ಟುಕೋ. ದಿನಾಂಕ ಗೊತ್ತಾದ ಕೂಡಲೇ ತಿಳಿಸು. ನೀಲಿ ಪುಸ್ತಕ ತೆಗೆದುಕೊಂಡು ಬರುತ್ತೇನೆ. ನಾನು ಬರೆದ ಸುಳ್ಳು ಸಹಿಯನ್ನು ನಾನೇ ತೋರಿಸುತ್ತೇನೆ.

ದುಂಡಿ


ಅಕ್ಟೋಬರ್ 21

ಕಡ್ಡಿ,

ಮನೆ ತಲುಪಿದೆ. ಬಸ್ಸು ನಾಲ್ಕು ಗಂಟೆ ತಡವಾಯಿತು.

ಹನ್ನೊಂದು ವರ್ಷದ ಮೇಲೆ ನಿನ್ನನ್ನು ನೋಡಿದ್ದು ವಿಚಾರಣೆಯ ಕಚೇರಿಯ ಬೆಂಚಿನ ಮೇಲೆ. ನೀನು ಇನ್ನೂ ಕಡ್ಡಿಯೇ, ನಾನಂತೂ ಹೆಸರಿಗೆ ಮೋಸ ಮಾಡಿಲ್ಲ. ಇಬ್ಬರ ಮಡಿಲಲ್ಲೂ ಒಂದೊಂದು ಕಟ್ಟು. ಒಳಗೆ ಕರೆಯುವವರೆಗೆ ಎರಡೂವರೆ ಗಂಟೆ ಪಕ್ಕಪಕ್ಕದಲ್ಲಿ ಕೂತಿದ್ದೆವು. "ನೀರು ಕುಡೀತೀಯಾ" ಎಂದು ನೀನು ಕೇಳಿದೆ, "ಬೇಡ" ಅಂದೆ. ಅಷ್ಟೇ ನಮ್ಮ ಮಾತು.

ಒಳಗೆ ಆದದ್ದನ್ನು ಎಷ್ಟು ಸಲ ನೆನೆಸಿಕೊಂಡರೂ ಹಾಗೇ ಇದೆ. ಆ ಅಧಿಕಾರಿಗೆ ಬೇಕಾಗಿದ್ದು ಎರಡೇ ಪ್ರಶ್ನೆ. ಆಗ ಜಾರಿಯಲ್ಲಿದ್ದ ಕೈಪಿಡಿ ಇದೇನಾ? ಹೌದು. ಕಚೇರಿಯವರು ಇದರ ಪ್ರಕಾರ ನಡೆದಿದ್ದಾರಾ? ಹೌದು. "ಹಾಗಾದರೆ ಲೋಪ ಕಂಡುಬಂದಿಲ್ಲ." ನೀನು ಎದ್ದು ನಿಂತು, "ಲೋಪ ನನ್ನದು ಸ್ವಾಮಿ" ಅಂದೆ. ನಾನೂ ಎದ್ದು ಸಹಿ ತೋರಿಸಿದೆ. ಅವರು ನಮ್ಮಿಬ್ಬರನ್ನೂ ಮನೆಯಲ್ಲಿ ಜಗಳ ಮಾಡಿಕೊಂಡು ಬಂದ ಹೆಂಗಸರನ್ನು ನೋಡುವ ಹಾಗೆ ನೋಡಿದರು. "ಅಮ್ಮಾ, ಇದು ನಮ್ಮ ವಿಚಾರಣೆಯ ವ್ಯಾಪ್ತಿಗೆ ಬರೋದಿಲ್ಲ. ನೀವು ವಿದ್ಯಾವಂತರು, ಮನಸ್ಸಿಗೆ ಹಚ್ಚಿಕೋಬೇಡಿ." ಕಟ್ಟನ್ನು ಅವರು ಕೈಯಿಂದಲೂ ಮುಟ್ಟಲಿಲ್ಲ. ದಾರ ಬಿಚ್ಚದೆಯೇ ಅದು ಎರಡನೇ ಸಲ ವಾಪಸ್ ಬಂತು.

ಮನೆಗೆ ಬಾ, ಅಮ್ಮ ನಿನ್ನನ್ನು ಕೇಳುತ್ತಿರುತ್ತಾರೆ ಎಂದು ನೀನು ಬಸ್ ನಿಲ್ದಾಣದವರೆಗೂ ಹೇಳುತ್ತಲೇ ಬಂದೆ. ನನ್ನ ಚೀಲ ಹಿಡಿದುಕೊಂಡು ನೀನು ನಿಂತಿದ್ದೆ. ನಾನು ಬರಲಿಲ್ಲ. ಯಾಕೆ ಎಂದು ಹೇಳಬೇಕು.

ನಿನ್ನ ಮೇಲೆ ಕೋಪ ಉಳಿದಿಲ್ಲ. ಅದೇ ನನಗೆ ಸಹಿಸಲಾಗುತ್ತಿಲ್ಲ. ಅಂದು ಬಂದಿದ್ದರೆ ಊಟ ಮಾಡುತ್ತಿದ್ದೆವು, ಅತ್ತು ಹಗುರಾಗುತ್ತಿದ್ದೆವು, ಮತ್ತೆ ಮೊದಲಿನ ಹಾಗೇ ಆಗಿಬಿಡುತ್ತಿದ್ದೆವು. ನಮ್ಮಿಬ್ಬರನ್ನು ಒಂದು ಮಾಡುವುದಕ್ಕೆ ಏಳು ಜನ ಹೋಗಬೇಕಾಯಿತು ಎಂದಾಗುತ್ತದೆ. ನನಗೆ ಅದು ಬೇಡ. ಆ ಬೆಲೆಗೆ ಬಂದದ್ದನ್ನು ನಾನು ಇಟ್ಟುಕೊಳ್ಳಲಾರೆ.

ಇನ್ನು ಬರೆಯಬೇಡ. ನಾನೂ ಬರೆಯುವುದಿಲ್ಲ. ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ದುಂಡಿ


ಡಿಸೆಂಬರ್ 10

ದುಂಡಿ,

ಬರೆಯಬೇಡ ಅಂದಿದ್ದೆ. ಇದೊಂದು. ಉತ್ತರ ಕಾಯುವುದಿಲ್ಲ.

ತಿದ್ದಿದ ಕೈಪಿಡಿ ಹೋದ ವಾರ ಅಚ್ಚಾಗಿ ಬಂತು. ಆರನೇ ಸಾಲು ಸರಿಯಾಗಿದೆ. ಆದರೆ ಬಡಾವಣೆಯ ಎರಡನೇ ಹಂತದ ಕೆಲಸ ಶುರುವಾಗಿ ಹೋಗಿದೆ, ಇನ್ನೂ ನದಿಯ ಕಡೆಗೆ. ಹಳೆಯ ಕೈಪಿಡಿ ಜಾರಿಯಲ್ಲಿದ್ದಾಗ ಮಂಜೂರಾದದ್ದು, ಹಾಗಾಗಿ ಅದರ ಪ್ರಕಾರವೇ ನಡೆಯುತ್ತದೆಯಂತೆ. ಮತ್ತೆ ಹೋಗಿ ಅರ್ಜಿ ಕೊಟ್ಟೆ. ಮುದ್ರೆ ಹಾಕಿ ಕೊಟ್ಟರು.

ಆಮೇಲೆ ಏಳನೇ ಬೀದಿಗೆ ಹೋದೆ. ಗೋಡೆಗಳಿಗೆ ಸುಣ್ಣ ಹೊಡೆಸಿದ್ದಾರೆ. ಎಲ್ಲರೂ ವಾಪಸ್ ಬಂದಿದ್ದಾರೆ, ಬೇರೆ ಜಾಗವೆಲ್ಲಿದೆ. ತಂಗಿಯೂ ಬಂದಿದ್ದಾಳೆ. ಒಂದು ಮಿಷನ್ ತುಕ್ಕು ಹಿಡಿದು ಹೋಗಿದೆ, ಇನ್ನೊಂದನ್ನು ರಿಪೇರಿ ಮಾಡಿಸಿಕೊಂಡಿದ್ದಾಳೆ. ಅದೇ ಸ್ಟೂಲು ಹಾಕಿದಳು.

ನೀನು ಜೂನಿನಲ್ಲಿ ಕೇಳಿದ್ದೆಯಲ್ಲ, ಆಗ ನಾನು ಅವರಿಗೆ ಹೇಳಿರಲಿಲ್ಲ. ಈಗ ಹೇಳಿದೆ. "ನಕ್ಷೆ ಮಾಡೋರು ಒಂದು ಪುಸ್ತಕ ನೋಡಿ ಮಾಡ್ತಾರೆ. ಆ ಪುಸ್ತಕ ಬರೆದೋಳು ನಾನು. ಅದರಲ್ಲಿ ತಪ್ಪಿತ್ತು. ಅದಕ್ಕೇ ಇಲ್ಲಿ ಮನೆ ಕಟ್ಟಿದ್ದು, ಅದಕ್ಕೇ ನಿಮ್ಮಕ್ಕ ಹೋಗಿದ್ದು."

ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಆಗುತ್ತಿತ್ತು.

"ನನಗೆ ಪುಸ್ತಕದ ವಿಷಯ ಗೊತ್ತಾಗಲ್ಲಮ್ಮ," ಅಂದಳು. "ನೀವು ಅಳೆಯೋರು ತಾನೇ? ಮುಂದಿನ ಸಲ ನೀರು ಬಂದ್ರೆ ಮಿಷನ್ ಎತ್ತಿಡೋಕೆ ಗೋಡೆಗೆ ಒಂದು ಹಲಗೆ ಹೊಡಿಸ್ಬೇಕು. ಎಷ್ಟು ಎತ್ತರಕ್ಕೆ ಹೊಡಿಸ್ಲಿ? ಬಡಗಿ ನಾಳೆ ಬರ್ತಾನೆ."

ಲೆಕ್ಕ ಹಾಕಿದೆ. ಮನೆಯ ಪಾಯದ ಎತ್ತರ ಕಳೆದೆ, ಈ ಸಲದ ನೀರಿಗಿಂತ ಅರ್ಧ ಮೀಟರ್ ಹೆಚ್ಚಿಟ್ಟೆ. ಎರಡು ಸಲ ಅಳೆದು, ಮಿಷನ್ನಿನ ಮೇಲಿನ ಗೋಡೆಯಲ್ಲಿ ಎರಡು ಮೀಟರಿಗೆ ಪೆನ್ಸಿಲಿನಿಂದ ಗುರುತು ಹಾಕಿದೆ. ಈ ವರ್ಷದಲ್ಲಿ ನನ್ನ ಮಾತನ್ನು ಕೇಳಿದ ಕೂಡಲೇ ನಂಬಿದವಳು ಅವಳೊಬ್ಬಳೇ.

ಅವಳು ಗುರುತಿನ ಕೆಳಗೆ ಬಂದು ನಿಂತಳು. ಕೈ ಎತ್ತಿದಳು. ಬೆರಳು ಎಟುಕಲಿಲ್ಲ. ಹಿಮ್ಮಡಿ ಎತ್ತಿ ಇನ್ನೊಮ್ಮೆ ನೋಡಿದಳು, ಆಗ ತುದಿ ತಾಗಿತು. ಕೈ ಇಳಿಸಿ ಮಿಷನ್ನಿನ ಕಡೆ ನೋಡಿದಳು.

"ಇಷ್ಟು ಭಾರ ಅಷ್ಟು ಮೇಲಕ್ಕೆ ಒಬ್ಬಳ ಕೈಲಿ ಆಗಲ್ಲ," ಅಂದಳು. "ಅಕ್ಕ ಇದ್ದಿದ್ರೆ ಆ ಕಡೆ ಹಿಡ್ಕೊಳ್ತಿದ್ಲು."

ಗುರುತನ್ನು ಅಳಿಸಿ ಸ್ವಲ್ಪ ಕೆಳಗೆ ಹಾಕಿ ಎಂದಳು. ಎಷ್ಟು ಕೆಳಗೆ ಎಂದು ನಾನು ಕೇಳಿದೆ. ನನಗೆ ಎಟುಕೋ ಅಷ್ಟು, ಅಂದಳು. ಈ ಸಲದ ನೀರಿಗಿಂತ ಕೆಳಗೇ ಬಂತು, ಹಾಕಿಕೊಟ್ಟು ಬಂದೆ.

ಕಡ್ಡಿ